ತಡಿಯಂಡಮೋಳ್ ಹತ್ತಿಸಿದ ಪಿ.ಟಿ. ಸರ್

ಶಾಲೆಯ ನೆನಪು ಬರೆದುಕೊಡಿ ಅಂದಾಗ ನನ್ನ ಕಣ್ಣಿಗೆ ಮೊದಲು ಬಂದಿದ್ದು ಕ್ಲಾಸ್‌ರೂಮಲ್ಲ, ತಡಿಯಂಡಮೋಳ್. ಕೊಡಗಿನಲ್ಲೇ ಅತಿ ಎತ್ತರದ ಬೆಟ್ಟ, 1,748 ಮೀಟರ್. ಹುಟ್ಟಿದಾಗಿನಿಂದ ಹೆಸರು ಕೇಳಿದ್ದರೂ ನಮ್ಮಲ್ಲಿ ಹೆಚ್ಚಿನವರು ಹತ್ತಿರಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಪಿ.ಟಿ. ಸರ್ ಕರೆದುಕೊಂಡು ಹೋದರು.

ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯ ಹತ್ತಿರ ಎಲ್ಲರೂ ಸೇರಿದೆವು. ಸರ್ ಅಲ್ಲೇ ಕೆಲಸ ಹಂಚಿದರು. ನಿಧಾನ ನಡೆಯುವವರು ಮುಂದೆ, ಗಟ್ಟಿಗರು ಹಿಂದೆ. ಯಾರೂ ಯಾರನ್ನೂ ದಾಟುವ ಹಾಗಿಲ್ಲ. ತಲೆ ಎಣಿಸುವ ಕೆಲಸ ಕ್ಲಾಸಿನಲ್ಲಿ ಬಾಯೇ ಬಿಡದ ಒಬ್ಬ ಹುಡುಗನಿಗೆ. ಅವನು ‘ನಿಲ್ಲಿ’ ಅಂದರೆ ಸರ್ ಕೂಡ ನಿಲ್ಲಬೇಕು.

ಮಳೆಗಾಲ ಆಗಷ್ಟೇ ಮುಗಿದಿತ್ತು. ಬೆಟ್ಟದ ಕಣಿವೆಯ ದಟ್ಟ ಶೋಲಾ ಕಾಡಿನೊಳಗೆ ಕಾಲಿಟ್ಟಿದ್ದೇ ತಡ, ಜಿಗಣೆ! ಶೂ ಒಳಗೆ, ಸಾಕ್ಸ್ ಒಳಗೆ. ಕೆಲವರಿಗೆ ಅಳುವೇ ಬಂತು. ತಲೆ ಎಣಿಸುವ ಆ ಹುಡುಗ ತೋಟದ ಕೆಲಸಗಾರರ ಲೈನ್‌ಮನೆಯವನು. ಉಪ್ಪು, ಹೊಗೆಸೊಪ್ಪಿನ ಪುಡಿ ಬೆರೆಸಿ ಬಟ್ಟೆಯಲ್ಲಿ ಗಂಟು ಕಟ್ಟಿ ತಂದಿದ್ದ. ಅದನ್ನು ಕೋಲಿನ ತುದಿಗೆ ಬಿಗಿದು, ನೀರಲ್ಲಿ ಅದ್ದಿ, ಒಬ್ಬೊಬ್ಬರ ಕಾಲಿಗೂ ತಾಗಿಸುತ್ತಾ ಬಂದ. ‘ಕೀಳಬೇಡಿ, ತಾನೇ ಬಿಡುತ್ತೆ’ ಅಂದ. ಅವನು ಅಷ್ಟು ಮಾತಾಡಿದ್ದನ್ನು ನಾವು ಕೇಳಿದ್ದೇ ಆವತ್ತು. ಮುಂದಿನ ವಾರ ಅಸೆಂಬ್ಲಿಯಲ್ಲಿ ಸಾಲು ನಿಲ್ಲಿಸುವಾಗ ಅವನ ದನಿ ಮೈದಾನದ ಆ ತುದಿಗೂ ಕೇಳಿಸಿತು.

ಕೊನೆಯ ಏರು ಬಾಕಿ ಇರುವಾಗ ಮಂಜು ಕವಿಯಿತು. ಹತ್ತು ಹೆಜ್ಜೆ ಆಚೆಗೆ ಏನೂ ಕಾಣದು. ಸರ್, ಗೈಡ್ ಇಬ್ಬರೂ ಸುಮ್ನೆ ಕೂತರು. ‘ಏನು ಮಾಡೋಣ, ನೀವೇ ಹೇಳಿ’ ಅಂದರು. ಜೋರು ಚರ್ಚೆ. ಅರ್ಧ ಗಂಟೆ ಕಾಯೋಣ, ಬಿಡದಿದ್ದರೆ ಇಳಿಯೋಣ ಅಂತ ತೀರ್ಮಾನ ಮಾಡಿದೆವು. ಮಂಜು ಬಿಡಲಿಲ್ಲ, ಇಳಿದೆವು. ತುದಿ ಮುಟ್ಟದ ಬೇಜಾರಿಗಿಂತ, ನಮ್ಮ ಮಾತಿಗೆ ದೊಡ್ಡವರು ಬೆಲೆ ಕೊಟ್ಟರು ಅನ್ನೋ ಖುಷಿಯೇ ಜಾಸ್ತಿ ಇತ್ತು. ಹದಿನಾಲ್ಕರ ವಯಸ್ಸಿಗೆ ಮನೆಯಲ್ಲಿ, ಕ್ಲಾಸಿನಲ್ಲಿ ಇಂಥ ಅವಕಾಶ ಎಲ್ಲಿ ಸಿಗುತ್ತೆ ಹೇಳಿ?

ಈಗ ಕೊಡಗಿನ ರೆಸಾರ್ಟ್‌ಗಳಲ್ಲಿ ಜಿಪ್‌ಲೈನ್ ಇದೆ, ಮಳೆಗಾಲದಲ್ಲಿ ಬರಪೊಳೆಯಲ್ಲಿ ರಾಫ್ಟಿಂಗ್ ಇದೆ. ಮಕ್ಕಳಿಗೆ ಖುಷಿಯೇ. ಆದರೆ ಜಿಪ್‌ಲೈನಿನಲ್ಲಿ ಬೆಲ್ಟ್ ಕಟ್ಟುವುದು, ತಳ್ಳುವುದು ಎಲ್ಲ ಬೇರೆಯವರೇ. ಮಕ್ಕಳು ತಾವೇ ಯೋಚನೆ ಮಾಡುವಂಥದ್ದು, ಇನ್ನೊಬ್ಬರನ್ನು ನೋಡಿಕೊಳ್ಳುವಂಥದ್ದು ಅದರಲ್ಲಿ ಕಡಿಮೆ. ಶಾಲೆಯ ಚಾರಣವೇ ಬೇಕು ಅಂತ ನಾನು ಹಟ ಹಿಡಿಯುವುದು ಅದಕ್ಕೇ.

ಅಪ್ಪ ಅಮ್ಮಂದಿರ ಭಯ ನನಗೂ ಅರ್ಥವಾಗುತ್ತದೆ, ನಾನೂ ಈಗ ತಾಯಿ. ಮಳೆ ಪೂರ್ತಿ ನಿಂತ ಮೇಲೆ ಹೋಗಲಿ. ಅರಣ್ಯ ಇಲಾಖೆಯ ಅನುಮತಿ, ಊರಿನ ಗೈಡ್, ಫಸ್ಟ್ ಏಡ್ ಎಲ್ಲ ಇರಲಿ. ಜೊತೆಗೆ ನಡೆಯಲು ಹಳೆಯ ವಿದ್ಯಾರ್ಥಿಗಳು ನಾವು ಕೆಲವರು ಸಿದ್ಧ. ತಲೆ ಎಣಿಸುವ ಕೆಲಸ ಮಾತ್ರ ಮಕ್ಕಳಿಗೇ ಬಿಡಿ.