ಹೆಬ್ಬೆಟ್ಟಿನ ಮೇಲೊಂದು ಬರೆ

ಅಮೆರಿಕದ ಬಾಸ್ಟನ್ನಿನ ಸ್ಟೇಟ್ ಸ್ಟೇಷನ್ನಿನಲ್ಲಿ ಮೆಟ್ರೊ ಇಳಿದು ಮೇಲೆ ಬಂದರೆ ಎದುರಿಗೇ ಓಲ್ಡ್ ಸ್ಟೇಟ್ ಹೌಸ್. 1713ರ ಇಟ್ಟಿಗೆ ಕಟ್ಟಡ. ಸುತ್ತಲಿನ ಗಗನಚುಂಬಿಗಳ ನಡುವೆ ಜಾತ್ರೆಯಲ್ಲಿ ಕೈತಪ್ಪಿದ ಮಗುವಿನ ಹಾಗೆ ನಿಂತಿದೆ. ಬಾಲ್ಕನಿಯ ಕೆಳಗೆ ನೆಲದಲ್ಲಿ ಕಲ್ಲು ಜೋಡಿಸಿದ ಒಂದು ವೃತ್ತ. ಇಲ್ಲಿ ನಡೆದ ಗೋಲಿಬಾರ್ ಮತ್ತು ಅದರ ಮೊಕದ್ದಮೆಯ ಜಾಡು ಹಿಡಿದು ಬಂದಿದ್ದೆ. ಮಗಳು ನಕ್ಕಳು: "ಅಪ್ಪ, ರಿಟೈರಾದ ಮೇಲೂ ಕೋರ್ಟೇ ಬೇಕಾ?" ತಾಲ್ಲೂಕು ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದವನಿಗೆ ಬಾಸ್ಟನ್ನಿನಲ್ಲಿ ಇನ್ನೇನು ಬೇಕು!

1770ರ ಮಾರ್ಚ್ 5ರ ರಾತ್ರಿ, ಆಗಿನ್ನೂ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಈ ಊರಲ್ಲಿ ಕಾವಲಿಗಿದ್ದ ಬ್ರಿಟಿಷ್ ಸಿಪಾಯಿಯನ್ನು ಜನ ಇಲ್ಲಿ ಮುತ್ತಿದರು. ಬೈಗುಳ, ಹಿಮದುಂಡೆ, ದೊಣ್ಣೆ. ನೆರವಿಗೆ ಬಂದ ಸೈನಿಕರು ಗುಂಡು ಹಾರಿಸಿದರು, ಐವರು ಸತ್ತರು. ಊರಿಗೆ ಊರೇ ಕುದಿಯುತ್ತಿದ್ದಾಗ ಕ್ಯಾಪ್ಟನ್ ಥಾಮಸ್ ಪ್ರೆಸ್ಟನ್ ಮತ್ತು ಎಂಟು ಸೈನಿಕರ ಪರ ನಿಲ್ಲಲು ಒಪ್ಪಿದವನು 34 ವರ್ಷದ ವಕೀಲ ಜಾನ್ ಆಡಮ್ಸ್, ಮುಂದೆ ಅಮೆರಿಕದ ಅಧ್ಯಕ್ಷನಾದವನು. ಬ್ರಿಟಿಷ್ ತೆರಿಗೆಗಳನ್ನು ವಿರೋಧಿಸಿದವನೇ ಅವನು. ಜೊತೆಗೆ ಕಿರಿಯ ವಕೀಲ ಜೋಸಯ್ಯ ಕ್ವಿನ್ಸಿ; ಪ್ರಾಸಿಕ್ಯೂಷನ್ ಕಡೆ ಜೋಸಯ್ಯನ ಸ್ವಂತ ಅಣ್ಣ ಸ್ಯಾಮ್ಯುಯೆಲ್! ಅಣ್ಣತಮ್ಮಂದಿರು ವಾದಿ-ಪ್ರತಿವಾದಿಗಳಾಗಿ ಬಂದದ್ದನ್ನು ಬೇಕಾದಷ್ಟು ಕಂಡಿದ್ದೇನೆ, ಎದುರುಬದುರು ವಕೀಲರಾಗಿ ಕಂಡಿಲ್ಲ.

ವಿಚಾರಣೆ ನಡೆದದ್ದು ಕೂಗಳತೆ ದೂರದ ಕ್ವೀನ್ ಸ್ಟ್ರೀಟಿನಲ್ಲಿ. ಈಗದು ಕೋರ್ಟ್ ಸ್ಟ್ರೀಟ್, ಆ ಕಟ್ಟಡವಿಲ್ಲ. ಆದರೂ ಆ ಬೀದಿಯಲ್ಲಿ ಎರಡು ಸಲ ಓಡಾಡಿದೆ. ಮೊದಲು ಪ್ರೆಸ್ಟನ್ ಒಬ್ಬನ ವಿಚಾರಣೆ, ಖುಲಾಸೆ. ಆಮೇಲೆ ಸೈನಿಕರದು, ತೀರ್ಪು ಹೇಳುವ ಜನಸಾಮಾನ್ಯರ ಪಂಚಾಯ್ತಿಯಂಥ ಜ್ಯೂರಿಯಲ್ಲಿ ಬಾಸ್ಟನ್ನಿನವರು ಒಬ್ಬರೂ ಇರಲಿಲ್ಲ. ಗುಂಡು ತಿಂದು ಒಂಬತ್ತು ದಿನ ಬದುಕಿದ್ದ ಪ್ಯಾಟ್ರಿಕ್ ಕಾರ್, ಸೈನಿಕರು ಪ್ರಾಣ ಉಳಿಸಿಕೊಳ್ಳಲು ಗುಂಡು ಹಾರಿಸಿದರೆಂದು ವೈದ್ಯರಿಗೆ ಹೇಳಿಹೋಗಿದ್ದ. ಮರಣಪೂರ್ವ ಹೇಳಿಕೆಯೆಂದರೆ ಆರೋಪಿಯ ಕೊರಳಿಗೆ ಕುಣಿಕೆ ಎಂದೇ ತಿಳಿದಿದ್ದ ನನಗೆ ಇದು ಹೊಸತು.

ಆರು ಮಂದಿ ಬಿಡುಗಡೆಯಾದರು. ಮಾಂಟ್‌ಗೊಮರಿ, ಕಿಲ್‌ರಾಯ್ ಎಂಬಿಬ್ಬರ ಮೇಲೆ ಕೊಲೆಯಲ್ಲದ ನರಹತ್ಯೆ ಸಾಬೀತಾಯಿತು. ಹಿಂದೆ ಪಾದ್ರಿಗಳಿಗಷ್ಟೇ ಇದ್ದ ಹಳೆಯ ರಿಯಾಯಿತಿಯೊಂದನ್ನು ಬೇಡಿ ಅವರು ನೇಣು ತಪ್ಪಿಸಿಕೊಂಡರು. ಅದನ್ನು ಎರಡನೇ ಸಲ ಕೇಳದಂತೆ ಹೆಬ್ಬೆಟ್ಟಿಗೆ ಕಾದ ಕಬ್ಬಿಣದ ಬರೆ. ಎಷ್ಟು ಸಾವಿರ ಜನರ ಹೆಬ್ಬೆಟ್ಟಿಗೆ ಶಾಯಿ ಹಚ್ಚಿದೆನೋ, ಅಲ್ಲೇ ನಿಂತು ನನ್ನದನ್ನೂ ನೋಡಿಕೊಂಡೆ.

ಊರೆಲ್ಲ ದ್ವೇಷಿಸುವ ಆರೋಪಿಗಳ ಪರ ಯಾರೂ ವಕಾಲತ್ತು ಹಾಕಬಾರದೆಂದು ವಕೀಲರ ಸಂಘಗಳು ಠರಾವು ಮಾಡುವುದು ನಮ್ಮಲ್ಲೂ ಉಂಟು. ಅವು ಅನೂರ್ಜಿತವೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಆದರೂ ಠರಾವು ಮಾಡುವುದು ನಿಂತಿಲ್ಲ.

ಆಡಮ್ಸನನ್ನು ದೇವರಕೋಣೆಯಲ್ಲಿ ಇಡಲಾರೆ. ಸತ್ತವರಲ್ಲಿ ಕ್ರಿಸ್ಪಸ್ ಆಟಕ್ಸ್ ಆಫ್ರಿಕನ್ ಮತ್ತು ಮೂಲನಿವಾಸಿ ರಕ್ತದವನು. ಅವನ ರೂಪ ಕಂಡರೇ ಯಾರಾದರೂ ಹೆದರುತ್ತಿದ್ದರು ಎಂದು ಆಡಮ್ಸ್ ವಾದಿಸಿದ. ಕರಿಯರು, ಐರಿಷರು, ನಾವಿಕರೆಂದು ಗುಂಪನ್ನೇ ಹೀಗಳೆದ. ಕಕ್ಷಿದಾರ ಉಳಿದ, ಸತ್ತವನ ಮೈಬಣ್ಣ ಸಾಕ್ಷ್ಯವಾಯಿತು.

ಬಾಸ್ಟನ್ ಕಾಮನ್ ಉದ್ಯಾನದಲ್ಲಿ 1888ರ ಸ್ಮಾರಕವಿದೆ. ಕಂಚಿನ ಉಬ್ಬುಶಿಲ್ಪದಲ್ಲಿ ಬಿದ್ದಿರುವ ಆಟಕ್ಸನ ಕೈ, ಬಂದವರೆಲ್ಲ ಮುಟ್ಟಿ ಮುಟ್ಟಿ ಬೇರೆ ಬಣ್ಣಕ್ಕೆ ತಿರುಗಿದೆ. ಮಗಳು ಹಿಡಿದು ನೋಡಿ, "ತಣ್ಣಗಿದೆ ಅಪ್ಪ" ಎಂದಳು.