ನಿನ್ನೆ ಅಂತ ಬರೆದ ಮೇಲೆ ಹ್ಯಾಸ್ ಯಾಕೆ?

ಪಣಂಬೂರಿನ ಒಂದು ಶಿಪ್ಪಿಂಗ್ ಏಜೆನ್ಸಿಯಲ್ಲಿ ನನ್ನ ಕೆಲಸ. ನವ ಮಂಗಳೂರು ಬಂದರಿಗೆ ಬರುವ ಹಡಗುಗಳ ಬಗ್ಗೆ ಹೊರದೇಶದ ಮಾಲೀಕರಿಗೆ, ಹಡಗು ಬಾಡಿಗೆಗೆ ಹಿಡಿದವರಿಗೆ ಹೋಗುವ ಮೇಲ್‌ಗಳನ್ನು ಕಳಿಸುವ ಮೊದಲು ನಾನೊಮ್ಮೆ ಓದಬೇಕು. ಹೊಸಬರ ಮೇಲ್‌ನಲ್ಲಿ ಸ್ಪೆಲ್ಲಿಂಗ್ ತಪ್ಪು ಈಗ ಕಡಿಮೆ, ಅದನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಆದರೆ ಒಂದು ವಾಕ್ಯ ಮಾತ್ರ ಯಾರೇ ಹೊಸದಾಗಿ ಸೇರಲಿ, ಬಂದೇ ಬರುತ್ತದೆ: ‘ವೆಸೆಲ್ ಹ್ಯಾಸ್ ಅರೈವ್ಡ್ ಯೆಸ್ಟರ್‌ಡೇ.’

‘ಇದರಲ್ಲಿ ಎಂತ ತಪ್ಪು ಮೇಡಂ? ಹಡಗು ನಿನ್ನೆಯೇ ಬಂದಿದೆ ಅಲ್ವಾ?’

ಕನ್ನಡದಲ್ಲಿ ಏನೂ ತಪ್ಪಿಲ್ಲ ಮಾರಾಯ್ರೆ. ‘ನಿನ್ನೆ ಬಂತು’ ಅಂತಲೂ ಹೇಳುತ್ತೇವೆ, ‘ನಿನ್ನೆಯೇ ಬಂದಿದೆ’ ಅಂತಲೂ ಹೇಳುತ್ತೇವೆ, ಎರಡೂ ನಡೆಯುತ್ತದೆ. ಇಂಗ್ಲಿಷ್ ಒಪ್ಪುವುದಿಲ್ಲ. ‘ಯಾವಾಗ?’ ಅಂತ ಕೇಳಿದರೆ ಉತ್ತರವಾಗುವಂಥ, ಮುಗಿದುಹೋದ ಹೊತ್ತನ್ನು ಹೇಳುವ ಮಾತು ವಾಕ್ಯದೊಳಗೆ ಬಂತೋ, ಹ್ಯಾಸ್ ಮತ್ತು ಹ್ಯಾವ್ ಜಾಗ ಬಿಡಲೇಬೇಕು. ಯೆಸ್ಟರ್‌ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ, ಇನ್ 2019, ಇವೆಲ್ಲ ಆ ಜಾತಿಯವು. ‘ವೆನ್’ ಅಂತ ಕೇಳುವ ಪ್ರಶ್ನೆಯೂ ಅಷ್ಟೇ. ‘ವೆನ್ ಹ್ಯಾಸ್ ಶಿ ಸೈಲ್ಡ್’ ಅಲ್ಲ, ‘ವೆನ್ ಡಿಡ್ ಶಿ ಸೈಲ್’. ಹಡಗಿಗೆ ‘ಶಿ’ ಅನ್ನುವುದು ಈ ಲೈನಿನ ಹಳೇ ರೂಢಿ, ಅದಕ್ಕೆ ಗಾಬರಿ ಬೇಡ.

ಹಾಗಾಗಿ ನಾನು ಹೇಳಿಕೊಡುವುದು ಇಷ್ಟೇ. ಕ್ರಿಯಾಪದ ಆಮೇಲೆ ನೋಡಿ, ಮೊದಲು ಹೊತ್ತು ಹೇಳುವ ಮಾತು ಎಲ್ಲಿದೆ ಹುಡುಕಿ. ಸಿಕ್ಕಿತಾ? ಸಿಂಪಲ್ ಪಾಸ್ಟ್, ಅಂದರೆ ‘ವೆಸೆಲ್ ಅರೈವ್ಡ್ ಯೆಸ್ಟರ್‌ಡೇ’. ‘ಐ ಹ್ಯಾವ್ ಆಲ್‌ರೆಡಿ ಸೆಂಟ್ ಇಟ್ ಯೆಸ್ಟರ್‌ಡೇ’ ಅಂತ ಬರೆಯುವವರು ನಮ್ಮಲ್ಲಿ ಜಾಸ್ತಿ. ಅಲ್ಲಿ ಆಲ್‌ರೆಡಿ ಒಂದು ಕಡೆ ಎಳೆಯುತ್ತದೆ, ಯೆಸ್ಟರ್‌ಡೇ ಇನ್ನೊಂದು ಕಡೆ. ಗೆಲ್ಲುವುದು ಯೆಸ್ಟರ್‌ಡೇ. ‘ಐ ಸೆಂಟ್ ಇಟ್ ಯೆಸ್ಟರ್‌ಡೇ’ ಅಂದರೆ ಸಾಕು.

ಹಾಗಾದರೆ ಹ್ಯಾಸ್, ಹ್ಯಾವ್ ಹಾಕುವ ಪ್ರೆಸೆಂಟ್ ಪರ್ಫೆಕ್ಟ್ ಯಾವಾಗ? ಸುದ್ದಿ ಮುಟ್ಟಿಸುವಾಗ. ‘ವೆಸೆಲ್ ಹ್ಯಾಸ್ ಬರ್ತ್ಡ್.’ ಹಡಗು ಈಗ ಬರ್ತ್‌ನಲ್ಲಿ, ಅಂದರೆ ದಕ್ಕೆಯಲ್ಲಿ ತನಗೆ ಕೊಟ್ಟ ಜಾಗದಲ್ಲಿದೆ, ಎಷ್ಟು ಗಂಟೆಗೆ ಬಂತು ಅನ್ನುವುದು ಇನ್ನೂ ಹೇಳಿಲ್ಲ. ಅದರ ಮುಂದಿನ ವಾಕ್ಯದಿಂದ ಗಂಟೆಗಳು ಶುರು: ‘ಪೈಲಟ್ ಬೋರ್ಡೆಡ್ ಅಟ್ 13:20. ಶಿ ವಾಸ್ ಆಲ್ ಫಾಸ್ಟ್ ಅಟ್ 14:30.’ ಪೈಲಟ್ ಅಂದರೆ ಹಡಗಿಗೆ ಬಂದರಿನೊಳಗೆ ದಾರಿ ತೋರಿಸುವವರು, ಆಲ್ ಫಾಸ್ಟ್ ಅಂದರೆ ಹಗ್ಗ ಎಲ್ಲ ಕಟ್ಟಿ ಆಯಿತು ಅಂತ. ಮೊದಲು ಸುದ್ದಿ, ಆಮೇಲೆ ವಿವರ. ಇಂಗ್ಲಿಷ್ ನ್ಯೂಸ್ ಕೇಳಿ ನೋಡಿ, ಅವರೂ ಹೆಚ್ಚಾಗಿ ಹೀಗೇ ಮಾಡುವುದು. ಹಡಗಿನ ಕೆಲಸ ಮುಗಿದಾಗ ನಾವು ತಯಾರು ಮಾಡುವ ಸ್ಟೇಟ್‌ಮೆಂಟ್ ಆಫ್ ಫ್ಯಾಕ್ಟ್ಸ್‌ನಲ್ಲಿ ಹ್ಯಾಸ್‌ಗೆ ಕೆಲಸವೇ ಇಲ್ಲ, ಯಾಕೆಂದರೆ ಅದರ ಪ್ರತಿ ಸಾಲಿಗೂ ಒಂದು ತಾರೀಕು, ಒಂದು ಗಂಟೆ ಇರುತ್ತದೆ.

ಇಲ್ಲಿವರೆಗಿನದು ತಪ್ಪಿದರೂ ಓದುವವನಿಗೆ ಅರ್ಥವಾದರೂ ಆಗುತ್ತದೆ. ‘ಫಾರ್’ ಬಂದಾಗ ಮಾತ್ರ ಅರ್ಥವೇ ಬದಲಾಗುತ್ತದೆ. ‘ಶಿ ವೇಟೆಡ್ ಅಟ್ ಆ್ಯಂಕರೇಜ್ ಫಾರ್ ಟೂ ಡೇಸ್’ ಅಂದರೆ ಕಾದದ್ದು ಮುಗಿಯಿತು, ಹಡಗು ಈಗ ಅಲ್ಲಿಲ್ಲ. ‘ಶಿ ಹ್ಯಾಸ್ ಬೀನ್ ವೇಟಿಂಗ್ ಫಾರ್ ಟೂ ಡೇಸ್’ ಅಂದರೆ ಇವತ್ತೂ ಹೊರಗೆ ಲಂಗರು ಹಾಕಿ ನಿಂತಿದೆ. ಎರಡರಲ್ಲೂ ಅದೇ ಎರಡು ದಿನ. ಆದರೆ ಗ್ರೀಸ್‌ನಲ್ಲಿ ಕೂತ ಮಾಲೀಕ ಮೊದಲನೆಯದನ್ನು ಓದಿದರೆ, ಸರಿ, ಬರ್ತ್ ಸಿಕ್ಕಿತು, ಅನ್‌ಲೋಡಿಂಗ್ ಎಷ್ಟಾಯಿತು ಅಂತ ಕೇಳುತ್ತಾನೆ. ಎರಡನೆಯದನ್ನು ಓದಿದರೆ ಲೇಟೈಮ್ (ಸರಕು ಹತ್ತಿಸಿ ಇಳಿಸಲು ಕರಾರಿನಲ್ಲಿ ಕೊಟ್ಟ ಹೊತ್ತು), ಡೆಮರೇಜ್ (ಆ ಹೊತ್ತು ಮೀರಿದರೆ ಮಾಲೀಕನಿಗೆ ಸಿಗುವ ದುಡ್ಡು) ಲೆಕ್ಕ ಹಾಕಲು ಶುರು ಮಾಡುತ್ತಾನೆ. ನಮ್ಮವರ ಅಚ್ಚುಮೆಚ್ಚಿನ ಮೂರನೆಯದೊಂದಿದೆ, ‘ಶಿ ಈಸ್ ವೇಟಿಂಗ್ ಸಿನ್ಸ್ ಮಂಡೇ’. ಸೋಮವಾರ ಶುರುವಾಗಿ ಇನ್ನೂ ನಡೆಯುತ್ತಿದ್ದರೆ ‘ಹ್ಯಾಸ್ ಬೀನ್ ವೇಟಿಂಗ್’ ಬೇಕು, ಬರೀ ‘ಈಸ್’ ಸಾಲದು.

ಮಳೆಗಾಲದಲ್ಲಿ ಇದು ಇನ್ನೂ ಸೂಕ್ಷ್ಮ. ಆಟಿ ತಿಂಗಳ ಮಳೆಯಲ್ಲಿ ಗೊಬ್ಬರದ ಹಡಗು ಬಂದಿದೆ ಅಂತಿಟ್ಟುಕೊಳ್ಳಿ. ಹನಿ ಬಿದ್ದ ಕೂಡಲೇ ಹ್ಯಾಚ್, ಅಂದರೆ ಸರಕಿನ ಕೋಣೆಯ ಬಾಯಿ, ಮುಚ್ಚಬೇಕು, ಬಿಟ್ಟ ಕೂಡಲೇ ತೆಗೆಯಬೇಕು. ‘ರೇನ್ ಹ್ಯಾಸ್ ಸ್ಟಾಪ್ಡ್ ವರ್ಕ್’ ಅಂತ ಬರೆದರೆ ಈ ಕ್ಷಣ ಕೆಲಸ ನಿಂತಿದೆ ಅಂತ ಓದುತ್ತಾರೆ. ಮಳೆ ಬಿಟ್ಟು ಕ್ರೇನ್ ಮತ್ತೆ ಓಡುತ್ತಿದ್ದರೆ ‘ರೇನ್ ಸ್ಟಾಪ್ಡ್ ವರ್ಕ್ ಫ್ರಮ್ 14:10 ಟು 15:25’ ಅಂತಲೇ ಬರೆಯಬೇಕು. ಕರಾರಿನಲ್ಲಿ ವೆದರ್ ವರ್ಕಿಂಗ್ ಡೇ ಅಂತ ಇದ್ದರೆ ಮಳೆಗೆ ನಿಂತ ಹೊತ್ತು ಲೇಟೈಮ್‌ಗೆ ಸೇರುವುದಿಲ್ಲ, ಹಾಗಾಗಿ ಮಳೆ ಶುರುವಾದ ನಿಮಿಷವೂ ಬಿಟ್ಟ ನಿಮಿಷವೂ ಮಾಲೀಕರಿಗೂ ಬಾಡಿಗೆಗೆ ಹಿಡಿದವರಿಗೂ ದುಡ್ಡೇ.

ಇನ್ನೊಂದು ಸಣ್ಣದು, ಆದರೆ ತುಂಬಾ ಜನ ಎಡವುವುದು. ‘ಲಾಸ್ಟ್ ವೀಕ್’ ಅಂದರೆ ಕಳೆದ ವಾರ, ಮುಗಿದದ್ದು, ‘ವಿ ಹ್ಯಾಂಡಲ್ಡ್’ ಸರಿ. ‘ಇನ್ ದ ಲಾಸ್ಟ್ ವೀಕ್’ ಅಂದರೆ ಇವತ್ತಿನವರೆಗಿನ ಏಳು ದಿನ, ಅದಕ್ಕೆ ‘ವಿ ಹ್ಯಾವ್ ಹ್ಯಾಂಡಲ್ಡ್’. ‘ಸೋ ಫಾರ್’ ಕೂಡ ಇದೇ ಕಡೆಗೆ.

ಟುಡೇ, ದಿಸ್ ವೀಕ್ ಎರಡಕ್ಕೂ ಹೊಂದುತ್ತವೆ. ದಿನ ಇನ್ನೂ ಇದೆ, ಲೆಕ್ಕ ಇನ್ನೂ ಏರಬಹುದು ಅಂದರೆ ಹ್ಯಾವ್. ಇವತ್ತೇ ನಡೆದು ಮುಗಿದ ಒಂದು ಘಟನೆ ಅಂದರೆ ಪಾಸ್ಟ್. ‘ದಿಸ್ ಮಾರ್ನಿಂಗ್’ ಬೆಳಿಗ್ಗೆ ಹನ್ನೊಂದಕ್ಕೆ ಬರೆದರೆ ಹ್ಯಾವ್ ನಡೆಯುತ್ತದೆ, ಸಂಜೆ ಐದಕ್ಕೆ ಬರೆದರೆ ಪಾಸ್ಟೇ ಸರಿ. ಮೇಲ್‌ನಲ್ಲಿ ಆ ಮಾತನ್ನೇ ನಾನು ಅಳಿಸುತ್ತೇನೆ. ನಮಗೆ ಮಧ್ಯಾಹ್ನ ಎರಡೂವರೆ ಆದಾಗ ಲಂಡನ್‌ನಲ್ಲಿ ಇನ್ನೂ ಬೆಳಿಗ್ಗೆ, ಚಳಿಗಾಲದಲ್ಲಿ ಒಂಬತ್ತು, ಬೇಸಿಗೆಯಲ್ಲಿ ಹತ್ತು. ಯಾರ ಮಾರ್ನಿಂಗ್ ಅಂತ ಅವರು ಯೋಚಿಸುತ್ತಾ ಕೂರುವುದು ಬೇಡ, ಗಂಟೆ ಹಾಕಿ ‘ಲೋಕಲ್ ಟೈಮ್’ ಅಂತ ಸೇರಿಸಿ.

ಅಮೆರಿಕದ ಕಡೆಯಿಂದ ‘ಡಿಡ್ ಶಿ ಬರ್ತ್ ಯೆಟ್?’ ಅಂತ ಬಂದರೆ ಅದನ್ನು ತಪ್ಪು ಅಂದುಕೊಳ್ಳಬೇಡಿ. ಜಸ್ಟ್, ಆಲ್‌ರೆಡಿ, ಯೆಟ್ ಇವುಗಳ ಜೊತೆ ಬ್ರಿಟನ್‌ನವರು ಹೆಚ್ಚಾಗಿ ಹ್ಯಾವ್ ಬಳಸುತ್ತಾರೆ, ಅಮೆರಿಕದವರಿಗೆ ಬರೀ ಪಾಸ್ಟೂ ಸಲೀಸು. ಯೆಸ್ಟರ್‌ಡೇ ಜೊತೆ ಹ್ಯಾವ್ ಮಾತ್ರ ಅವರೂ ಹಾಕುವುದಿಲ್ಲ.