ರಾತ್ರಿ ಕರೆಂಟು ಮತ್ತು ರೈತನ ನಿದ್ದೆ

ರಾತ್ರಿ ಪಾಳಿ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳು, ಆಸ್ಪತ್ರೆಯ ನರ್ಸ್‌ಗಳು, ಶಿರಾಡಿ ಘಾಟಿ ಇಳಿಯುವ ಲಾರಿ ಚಾಲಕರು, ಹೆಚ್ಚೆಂದರೆ ನಮ್ಮ ಹಾಸನದ ಇಸ್ರೋ ಕೇಂದ್ರದಲ್ಲಿ ಹಗಲಿರುಳೂ ಉಪಗ್ರಹಗಳ ಮೇಲೆ ಕಣ್ಣಿಟ್ಟಿರುವ ಎಂಜಿನಿಯರುಗಳು. ಬೇಸಿಗೆಯ ನಡುರಾತ್ರಿಯಲ್ಲಿ ಟಾರ್ಚ್ ಹಿಡಿದು ಬೋರ್‌ವೆಲ್ ಕಡೆಗೆ ನಡೆಯುವ ರೈತನನ್ನು ಮಾತ್ರ ಯಾರೂ ಪಾಳಿ ಕೆಲಸಗಾರನೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವನಿಗೆ ಪಾಳಿಯ ಭತ್ಯೆಯಿಲ್ಲ, ಮರುದಿನದ ರಜೆಯಿಲ್ಲ. ಆದರೆ ನಿದ್ರೆಯ ವಿಜ್ಞಾನದ ದೃಷ್ಟಿಯಿಂದ ನೋಡಿದರೆ ಅವನದು ಅತ್ಯಂತ ಕಷ್ಟದ ಬಗೆಯ ಪಾಳಿ, ಏಕೆಂದರೆ ಅದರ ಹೊತ್ತು ಮತ್ತೆ ಮತ್ತೆ ಬದಲಾಗುತ್ತಿರುತ್ತದೆ.

ಅರಕಲಗೂಡು ಕಡೆಯ ನಮ್ಮೂರಿನಲ್ಲಿ ಚಿಕ್ಕಪ್ಪ ಶುಂಠಿ ಹಾಕುತ್ತಾರೆ, ಜೊತೆಗೆ ಒಂದಿಷ್ಟು ಅಡಿಕೆಯಿದೆ. ಅವರ ಲೈನಿಗೆ ತ್ರೀ ಫೇಸ್ ಕರೆಂಟು ಒಂದು ವಾರ ಹಗಲಿನಲ್ಲಿ ಬಂದರೆ ಮರುವಾರ ರಾತ್ರಿ ಹತ್ತು ಗಂಟೆಯ ಮೇಲೆ ಬಂದು ಒಂದು, ಒಂದೂವರೆಯವರೆಗೆ ಇರುತ್ತದೆ. ಹಗಲಿನ ವಾರದಲ್ಲಿ ಅವರು ಒಂಬತ್ತಕ್ಕೆಲ್ಲ ಮಲಗಿ ಐದಕ್ಕೆ ಏಳುವ ಮನುಷ್ಯ. ರಾತ್ರಿಯ ವಾರದಲ್ಲಿ ಮೋಟಾರು ಹಾಕಿ, ಒಂದು ಪಟ್ಟೆ ನೆನೆದ ಮೇಲೆ ಗೇಟ್ ವಾಲ್ವ್ ತಿರುಗಿಸಿ ಇನ್ನೊಂದಕ್ಕೆ ನೀರು ಬಿಟ್ಟು, ನಡುವೆ ವೋಲ್ಟೇಜ್ ಇಳಿದು ಮೋಟಾರು ನಿಂತರೆ ಮತ್ತೆ ಸ್ಟಾರ್ಟರ್ ಒತ್ತಿ, ಎರಡು ಗಂಟೆಗೆ ಮನೆ ಸೇರಿ, ತಣಿದ ಮುದ್ದೆಯನ್ನೋ ಅನ್ನವನ್ನೋ ಉಂಡು ಮಲಗುತ್ತಾರೆ. ಐದಕ್ಕೆ ಡೇರಿಗೆ ಹಾಲು ಹಾಕಲು ಎದ್ದೇ ಏಳುತ್ತಾರೆ. ಈ ಹೊಸ ಹೊತ್ತಿಗೆ ಮೈ ಹೊಂದಿಕೊಳ್ಳತೊಡಗಿತು ಎನ್ನುವಷ್ಟರಲ್ಲಿ ವಾರ ಮುಗಿದು ಕರೆಂಟು ಹಗಲಿಗೆ ಹೋಗಿರುತ್ತದೆ. ಅವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದಾಗ ವೈದ್ಯರು ಏನು ತಿನ್ನುತ್ತೀರಿ, ಎಷ್ಟು ನಡೆಯುತ್ತೀರಿ ಎಂದು ವಿಚಾರಿಸಿದರೇ ಹೊರತು, ಎಷ್ಟು ಹೊತ್ತಿಗೆ ಮಲಗುತ್ತೀರಿ ಎಂದು ಕೇಳಲಿಲ್ಲ. ಅವರ ಕಾಯಿಲೆಗೆ ನಿದ್ದೆಯೇ ಕಾರಣವೆಂದು ನಾನು ಹೇಳುತ್ತಿಲ್ಲ. ನಮ್ಮ ಮನೆತನದಲ್ಲಿ ಆ ಕಾಯಿಲೆ ಮೊದಲಿನಿಂದಲೂ ಇದೆ. ಆದರೂ ಕೇಳಬೇಕಾದ ಪ್ರಶ್ನೆ ಅದಾಗಿತ್ತು.

ಯಾಕೆಂದರೆ ನಿದ್ದೆಯೆಂಬುದು ಎಷ್ಟು ಗಂಟೆ ಮಲಗಿದೆವೆಂಬ ಲೆಕ್ಕ ಮಾತ್ರವಲ್ಲ. ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗದ ತುಸು ಮೇಲೆ, ಮಿದುಳಿನ ಹೈಪೊಥಲಾಮಸ್ ಭಾಗದಲ್ಲಿ, ಸುಮಾರು 20,000 ನರಕೋಶಗಳ ಒಂದು ಚಿಕ್ಕ ಗುಂಪು ನಮ್ಮ ದೇಹದ ಗಡಿಯಾರವಾಗಿ ಕೆಲಸ ಮಾಡುತ್ತದೆ. ಹೊತ್ತು ಮುಳುಗಿದ ಮೇಲೆ ಮೈಗೆ ರಾತ್ರಿಯಾಯಿತೆಂದು ತಿಳಿಸುವ ಮೆಲಟೋನಿನ್ ಹಾರ್ಮೋನು ಏರುವುದು, ಬೆಳಗಿನ ಜಾವ ಮೈಯ ಉಷ್ಣತೆ ಕನಿಷ್ಠಕ್ಕೆ ಇಳಿಯುವುದು, ಎಚ್ಚರಾಗುವ ಹೊತ್ತಿಗೆ ಮೈಯನ್ನು ಅಣಿಗೊಳಿಸುವ ಕಾರ್ಟಿಸೋಲ್ ಹಾರ್ಮೋನು ಹೆಚ್ಚುವುದು, ಇವೆಲ್ಲ ಅದರ ಅಂಕೆಯಲ್ಲಿವೆ. ಯಕೃತ್ತು, ಮೇದೋಜೀರಕಾಂಗಗಳಿಗೂ ತಮ್ಮವೇ ಗಡಿಯಾರಗಳಿವೆ. ಇಂಥ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆಂದು ಹಣ್ಣುನೊಣಗಳಲ್ಲಿ ತೋರಿಸಿಕೊಟ್ಟ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಈ ಗಡಿಯಾರವನ್ನು ಮುಂದೆ ಹಿಂದೆ ಸರಿಸುವ ಮುಖ್ಯ ಶಕ್ತಿ ಬೆಳಕು, ಮತ್ತು ಅದು ಸರಿಯುವುದು ನಿಧಾನವಾಗಿ, ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆಯಂತೆ. 1938ರಲ್ಲಿ ನಥೇನಿಯಲ್ ಕ್ಲೈಟ್‌ಮನ್ ಎಂಬ ವಿಜ್ಞಾನಿ ತನ್ನ ಶಿಷ್ಯನೊಂದಿಗೆ ಅಮೆರಿಕದ ಮ್ಯಾಮತ್ ಗುಹೆಯೊಳಗೆ 32 ದಿನ ಕಳೆದು, ಬಿಸಿಲೇ ಕಾಣದ ಅಲ್ಲಿ 28 ಗಂಟೆಯ ದಿನವೊಂದನ್ನು ರೂಢಿಸಿಕೊಳ್ಳಲು ಯತ್ನಿಸಿದರು. ಎಳೆಯ ವಯಸ್ಸಿನ ಶಿಷ್ಯ ಹೊಂದಿಕೊಂಡ. ನಲವತ್ತು ದಾಟಿದ ಗುರುವಿನ ಮೈ ಮಾತ್ರ ತನ್ನ 24 ಗಂಟೆಯ ಲಯವನ್ನು ಬಿಟ್ಟುಕೊಡಲಿಲ್ಲ. ಅರವತ್ತರ ಹತ್ತಿರವಿರುವ ರೈತ ವಾರಕ್ಕೊಮ್ಮೆ ಹೊಂದಿಕೊಳ್ಳಬೇಕೆಂದರೆ ಅದೆಷ್ಟು ಕಷ್ಟವೆಂದು ಇದರಿಂದಲೇ ಊಹಿಸಬಹುದು.

ಗಡಿಯಾರ ಒಂದು ಕಡೆ, ನಡವಳಿಕೆ ಇನ್ನೊಂದು ಕಡೆಯಾದಾಗ ಏನಾಗುತ್ತದೆಂದು 2009ರಲ್ಲಿ ಹಾರ್ವರ್ಡಿನ ಫ್ರಾಂಕ್ ಶೀರ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಅಳೆದರು. ಆರೋಗ್ಯವಂತರನ್ನೇ ಕೆಲವು ದಿನ 28 ಗಂಟೆಯ ದಿನಚರಿಯಲ್ಲಿಟ್ಟು ನೋಡಿದಾಗ, ಊಟ ನಿದ್ದೆಗಳು ಪೂರ್ತಿ ತಲೆಕೆಳಗಾದ ದಿನಗಳಲ್ಲಿ ರಕ್ತದ ಸಕ್ಕರೆಯೂ ರಕ್ತದೊತ್ತಡವೂ ಏರಿದವು, ಹೊಟ್ಟೆ ತುಂಬಿತೆಂದು ತಿಳಿಸುವ ಲೆಪ್ಟಿನ್ ಇಳಿಯಿತು, ಕೆಲವರಲ್ಲಿ ಊಟದ ನಂತರದ ಸಕ್ಕರೆ ಮಧುಮೇಹದ ಹಿಂದಿನ ಹಂತವನ್ನು ಮುಟ್ಟಿತು. ಅದೇ ವಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಉಪಯುಕ್ತವೆನಿಸಿತು: ರಾತ್ರಿ ಎಚ್ಚರವಿದ್ದರೂ ಊಟವನ್ನು ಹಗಲಿಗಷ್ಟೇ ಸೀಮಿತಗೊಳಿಸಿದವರಲ್ಲಿ ಸಕ್ಕರೆ ಏರಲಿಲ್ಲ, ರಾತ್ರಿಯೂ ಉಂಡವರಲ್ಲಿ ಏರಿತು. ಚಿಕ್ಕಪ್ಪನ ಎರಡು ಗಂಟೆಯ ಮುದ್ದೆಯ ಬಗ್ಗೆ ನಾನು ತಕರಾರು ತೆಗೆದದ್ದು ಇದನ್ನು ಓದಿದ ಮೇಲೆಯೇ. ಇನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲೂ ಮತ್ತೆ 2019ರಲ್ಲೂ ರಾತ್ರಿ ಪಾಳಿಯನ್ನು ಕ್ಯಾನ್ಸರ್ ತರುವ ಸಂಭವವಿರುವ ಸಂಗತಿಗಳ ಸಾಲಿಗೆ ಸೇರಿಸಿದೆ. ಇದು ವರ್ಷಗಟ್ಟಲೆ ರಾತ್ರಿ ದುಡಿಯುವವರ ಮಾತು. ನಾಲ್ಕು ರಾತ್ರಿ ನಿದ್ದೆಗೆಟ್ಟವರು ಹೆದರಬೇಕಿಲ್ಲ.

ಇದೇ ಹೊತ್ತಿನಲ್ಲಿ, ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಮೊಬೈಲಿನಲ್ಲಿ ನೋಡಿದ ಒಂದು ವೇಳಾಪಟ್ಟಿಯನ್ನು ತಂದು, “ಮಾವ, ಅಭ್ಯಾಸ ಆದ್ರೆ ದಿನಕ್ಕೆ ಎರಡೇ ಗಂಟೆ ನಿದ್ದೆ ಸಾಕಂತೆ” ಎಂದ. ನಾಲ್ಕು ಗಂಟೆಗೊಮ್ಮೆ ಇಪ್ಪತ್ತು ನಿಮಿಷದಂತೆ ಆರು ಸಲ ಮಲಗುವ, ‘ಊಬರ್‌ಮನ್’ ಎಂದು ಹೆಸರಿಟ್ಟುಕೊಂಡಿರುವ ಪದ್ಧತಿಯದು. ಲಿಯೊನಾರ್ಡೊ ಡ ವಿಂಚಿ ಹೀಗೆಯೇ ಮಲಗುತ್ತಿದ್ದನೆಂಬ ಕಥೆಯೂ ಅದಕ್ಕೆ ಅಂಟಿಕೊಂಡಿದೆ, ಅದಕ್ಕೆ ಆಧಾರವಿಲ್ಲ. ಒಬ್ಬರೇ ಸಾಗರ ದಾಟುವ ಹಾಯಿದೋಣಿ ಸ್ಪರ್ಧಿಗಳ ತುಂಡು ನಿದ್ದೆಯನ್ನು ಅಭ್ಯಾಸ ಮಾಡಿದ ಕ್ಲಾಡಿಯೊ ಸ್ಟಾಂಪಿಯವರ ಕೆಲಸವನ್ನೂ ಈ ಪಂಥದವರು ಮುಂದೆ ಮಾಡುತ್ತಾರೆ, ಆದರೆ ಅದು ಪೂರ್ತಿ ಮಲಗಲು ದಾರಿಯೇ ಇಲ್ಲದ ಸಂದರ್ಭದಲ್ಲಿ ನಿಭಾಯಿಸುವ ಬಗೆಯೇ ಹೊರತು ಬದುಕಿನ ಕ್ರಮವಲ್ಲ. ಹುಡುಗನಿಗೆ ನಾನು ಹೇಳಿದ್ದು 2003ರ ಒಂದು ಅಧ್ಯಯನವನ್ನು. ಎರಡು ವಾರ ದಿನಕ್ಕೆ ಆರೇ ಗಂಟೆ ಮಲಗಲು ಬಿಟ್ಟವರ ಗಮನಶಕ್ತಿ ಕೊನೆಗೆ ರಾತ್ರಿಯಿಡೀ ನಿದ್ದೆಯಿಲ್ಲದವರ ಮಟ್ಟಕ್ಕೆ ಕುಸಿದಿತ್ತು. ಸೋಜಿಗವೆಂದರೆ ಅವರಿಗೆ ತಾವು ಅಷ್ಟೊಂದು ಮಂಕಾಗಿದ್ದೇವೆಂದು ಅನ್ನಿಸುತ್ತಲೇ ಇರಲಿಲ್ಲ. “ಅಭ್ಯಾಸವಾಯಿತು” ಎನ್ನುವವರ ಮಾತನ್ನು ನಾನು ನಂಬದಿರುವುದು ಇದಕ್ಕೇ. ಅಮೆರಿಕದ ರಾಷ್ಟ್ರೀಯ ನಿದ್ರಾ ಪ್ರತಿಷ್ಠಾನದ ತಜ್ಞರ ತಂಡವೂ 2021ರಲ್ಲಿ ಇಂಥ ಪದ್ಧತಿಗಳಿಂದ ಲಾಭವಿಲ್ಲ, ಕೆಡುಕೇ ಇದೆಯೆಂದು ಹೇಳಿತು.

ಹಾಗೆಂದು ನಿದ್ದೆ ಎರಡು ತುಂಡಾದರೇ ಅನಾಹುತವೆಂದಲ್ಲ. ಯೂರೋಪಿನಲ್ಲಿ ಕೈಗಾರಿಕಾ ಯುಗಕ್ಕೆ ಮುಂಚೆ ಜನ ರಾತ್ರಿ ಒಂದು ನಿದ್ದೆ ಮುಗಿಸಿ ಎದ್ದು, ಒಂದೆರಡು ಗಂಟೆ ಕೆಲಸ ಪ್ರಾರ್ಥನೆಗಳಲ್ಲಿದ್ದು, ಮತ್ತೆ ಮಲಗುತ್ತಿದ್ದರೆಂದು ಇತಿಹಾಸಕಾರ ರೋಜರ್ ಎಕರ್ಚ್ 2001ರಲ್ಲಿ ಹಳೆಯ ದಾಖಲೆಗಳಿಂದ ಎತ್ತಿ ತೋರಿಸಿದರು. ಇದೇ ಮನುಷ್ಯನ ಸಹಜ ನಿದ್ದೆಯೆಂದು ಕೆಲವರು ವಾದಿಸಿದ್ದೂ ಉಂಟು. ಆದರೆ ತಾಂಜಾನಿಯಾದ ಹಡ್ಜಾ ಜನರೂ ಸೇರಿ ವಿದ್ಯುತ್ತಿಲ್ಲದೆ ಬದುಕುವ ಮೂರು ಸಮುದಾಯಗಳನ್ನು ಅಳೆದ 2015ರ ಅಧ್ಯಯನದಲ್ಲಿ ಅಂಥ ಎರಡು ಕಂತಿನ ರೂಢಿ ಕಾಣಲಿಲ್ಲ. ನಮ್ಮ ಕಡೆಯ ಹಳೆಯ ಆಯುರ್ವೇದ ಗ್ರಂಥಕಾರ ವಾಗ್ಭಟ ಈ ವಿಷಯದಲ್ಲಿ ಹೆಚ್ಚು ವ್ಯವಹಾರಸ್ಥ: ರೂಢಿಯಿಲ್ಲದೆ ರಾತ್ರಿ ಎದ್ದಿದ್ದವನು ಮರುದಿನ ಬೆಳಿಗ್ಗೆ, ಊಟಕ್ಕೆ ಮುಂಚೆ, ಎದ್ದಿದ್ದ ಹೊತ್ತಿನ ಅರ್ಧದಷ್ಟು ಮಲಗಬೇಕೆಂದು ಆತ ಬರೆದಿದ್ದಾನೆ.

ಚಾಲಕರ ವಿಷಯಕ್ಕೆ ಇದರಲ್ಲಿ ಯಾವುದೂ ಸಾಲದು. ಹದಿನೇಳು ಗಂಟೆ ಎಚ್ಚರವಿದ್ದವನ ಚುರುಕು ರಕ್ತದಲ್ಲಿ ಶೇ. 0.05 ಮದ್ಯವಿರುವವನಷ್ಟೇ ಎಂದು 1997ರಲ್ಲೇ ತೋರಿಸಲಾಗಿದೆ, ನಮ್ಮ ಕಾನೂನಿನ ಮಿತಿ ಶೇ. 0.03. ಬೆಳಿಗ್ಗೆಯಿಂದ ದುಡಿದು ರಾತ್ರಿ ಘಾಟಿ ಇಳಿಯುವವನ ನಿದ್ದೆಗೇಡನ್ನು ಊದಿಸಿ ನೋಡುವ ಯಂತ್ರ ಈವರೆಗೆ ಯಾವ ಚೆಕ್‌ಪೋಸ್ಟಿನಲ್ಲೂ ಇಲ್ಲ.

ಚಿಕ್ಕಪ್ಪನ ಮಟ್ಟಿಗೆ ದಾರಿ ತೋರಿಸಿದ್ದು ಬ್ರಿಟನ್ನಿನ ಮೈನರ್ಸ್ ಮತ್ತು ವಾಟರ್‌ಹೌಸ್ ಎಂಬಿಬ್ಬರು 1980ರ ದಶಕದ ಆರಂಭದಲ್ಲಿ ಪ್ರಕಟಿಸಿದ ಕೆಲಸ. ದಿನದ ನಿದ್ದೆಯಲ್ಲಿ ನಾಲ್ಕು ಗಂಟೆಯನ್ನಾದರೂ ಪ್ರತಿದಿನ ಒಂದೇ ಹೊತ್ತಿಗೆ ಮಾಡಿ, ಉಳಿದದ್ದನ್ನು ಯಾವ ಹೊತ್ತಿನಲ್ಲಿ ಮಾಡಿದರೂ, ದೇಹದ ಲಯ ಕದಲದೆ ನಿಲ್ಲುತ್ತದೆಂದು ಅವರು ಕಂಡಿದ್ದರು. ಎರಡೂ ವಾರಗಳಲ್ಲಿ ಚಿಕ್ಕಪ್ಪನಿಗೆ ಸಿಗಬಹುದಾದ ಸಮಾನ ಹೊತ್ತೆಂದರೆ ಎರಡರಿಂದ ಆರು. ಹಾಗಾಗಿ ಈಗ ರಾತ್ರಿಯ ವಾರದಲ್ಲಿ ಏಳೂವರೆಗೇ ಉಂಡು, ಕರೆಂಟು ಬರುವವರೆಗೆ ಒಂದು ನಿದ್ದೆ ತೆಗೆದು, ತೋಟದಿಂದ ಬಂದ ಮೇಲೆ ನೀರಷ್ಟೇ ಕುಡಿದು ಆರರವರೆಗೆ ಮಲಗುತ್ತಾರೆ. ಮಧ್ಯಾಹ್ನದ ಜೋಂಪು ಬೇರೆ. ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೂ ಆಯಿತು, ಆದರೆ ವಾಲ್ವ್ ತಿರುಗಿಸಲು ಹೋಗಲೇಬೇಕು. ಮೈ ಹಗುರವಾಗಿದೆ, ಬೆಳಗಿನ ತಲೆಭಾರ ಕಡಿಮೆಯಾಗಿದೆ ಎನ್ನುತ್ತಾರೆ.

ಒಂದು ಲೆಕ್ಕ ಮಾತ್ರ ಬಗೆಹರಿದಿಲ್ಲ. ಐದು ಗಂಟೆಗೆ ಹಾಲು ಕರೆದು ಡೇರಿಗೆ ಹಾಕುವ ಕೆಲಸ ಈಗ ಚಿಕ್ಕಮ್ಮನ ಪಾಲಿಗೆ ಬಂದಿದೆ, ಮತ್ತು ಗಂಡ ತೋಟದಿಂದ ಮರಳಿದ ಸದ್ದಾಗುವವರೆಗೆ ಅವರಿಗೆ ಕಣ್ಣು ಮುಚ್ಚುವುದಿಲ್ಲ. ಚಿಕ್ಕಪ್ಪನ ನಾಲ್ಕು ಗಂಟೆ ಭದ್ರವಾದ ಮೇಲೆ ಅವರಿಗೆ ಉಳಿದಿರುವುದು ಮೂರೇ ಗಂಟೆ. ಹಾಲನ್ನು ಪಕ್ಕದ ಮನೆಯವರ ಜೊತೆ ಸರದಿಯ ಮೇಲೆ ಕಳಿಸಲು ಸಾಧ್ಯವೇ ಎಂದು ಈಗ ವಿಚಾರಿಸುತ್ತಿದ್ದೇವೆ.